ದಿಬ್ಬದ ಬಳಿ ನಿಂತ ದೋಣಿ

ದೋಣಿ ನನ್ನನ್ನು ಒಬ್ಬಳೆಂದು ಒಪ್ಪದಿದ್ದರೆ? ಹೊರಡುವ ಮುಂಚಿನ ದಿನಗಳಲ್ಲೆಲ್ಲ ನನಗಿದ್ದ ಚಿಂತೆ ಇದೊಂದೇ. ಯಾರಿಗೂ ಹೇಳಿರಲಿಲ್ಲ. ಡೈರಿಯಲ್ಲಿ ಒಮ್ಮೆ ಬರೆದು, ಬರೆದದ್ದನ್ನು ಓದಿ ನಾಚಿಕೆಯಾಗಿ, ಅದರ ಮೇಲೆ ಗೀಚಿಬಿಟ್ಟಿದ್ದೆ. ನನಗೆ ಚಿಕ್ಕಂದಿನಿಂದಲೂ ಮನಸ್ಸಿನಲ್ಲೇ ಮಾತಾಡಿಕೊಳ್ಳುವ ಅಭ್ಯಾಸ. ಒಳಗೆ ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಉತ್ತರ ಕೊಡುತ್ತಾಳೆ. ಕೆಲವು ಸಲ ಇಬ್ಬರಿಗೂ ಜಗಳವಾಗಿ ಅರ್ಧ ದಿನ ಮಾತು ಬಿಡುತ್ತಾರೆ. ಹೀಗಿರುವವಳು ಹೋಗಿ ದೋಣಿಯಲ್ಲಿ ಕೂತರೆ ಸಮುದ್ರ ಏನಂತ ಲೆಕ್ಕ ಹಿಡಿಯುತ್ತದೋ ಯಾರಿಗೆ ಗೊತ್ತು?

ನಮ್ಮೂರ ಸಮುದ್ರದಲ್ಲಿ ಒಂದು ದೋಣಿಗೆ ಒಬ್ಬರೇ. ಇಬ್ಬರು ಕೂತರೆ ದೋಣಿ ನಿಲ್ಲುತ್ತದೆ. ಮುಳುಗುವುದಿಲ್ಲ, ವಾಲುವುದಿಲ್ಲ, ದಾರಿಯಲ್ಲಿ ಹಠ ಹಿಡಿದ ಎಮ್ಮೆಯ ಹಾಗೆ ಸುಮ್ಮನೆ ನಿಂತುಬಿಡುತ್ತದೆ. ಆಮೇಲೆ ಇಬ್ಬರೂ ಸೇರಿ ಹುಟ್ಟು ಹಾಕಿದರೆ ತೋಳು ನೋಯುತ್ತದೆ, ಅಷ್ಟೆ. ಹಾಗಾಗಿ ನಮ್ಮಲ್ಲಿರುವುದೆಲ್ಲ ಒಬ್ಬರು ಕಾಲು ಚಾಚಿ ಕೂರುವಷ್ಟೇ ಜಾಗವಿರುವ ಉದ್ದನೆಯ ಸಪೂರ ದೋಣಿಗಳು. ಹೊರಗಿನವರು ಕಯಾಕ್ ಅನ್ನುತ್ತಾರೆ, ನಾವು ಒಂಟಿ ಅನ್ನುತ್ತೇವೆ. ಮದುವೆ ದಿಬ್ಬಣ ಹೊರಟರೆ ಒಂದರ ಹಿಂದೆ ಒಂದು ಒಂಟಿ. ವಾಲಗದವನಿಗೆ ಊದಲು ಎರಡೂ ಕೈ ಬೇಕಾದ್ದರಿಂದ ಅವನ ದೋಣಿ ಮಾತ್ರ ಎತ್ತೆತ್ತಲೋ ಹೋಗಿ, ಊಟದ ಹೊತ್ತಿಗೆ ಬಂದು ಸೇರುತ್ತದೆ. ಪೊಲೀಸರು ಕಳ್ಳನನ್ನು ಹಿಡಿದರೆ ಅವನ ಕೈಗೇ ಹುಟ್ಟು ಕೊಟ್ಟು, "ಮುಂದೆ ನಡಿ ಮಾರಾಯ, ಓಡಬೇಡ" ಅಂತ ಹಿಂದಿನಿಂದ ಬರಬೇಕು. ಕೋಳಿ, ಬೆಕ್ಕು, ಆಡು ಯಾವುದೂ ಲೆಕ್ಕಕ್ಕಿಲ್ಲ. ಹೊಟ್ಟೆಯೊಳಗಿನ ಮಗು ಮಾತ್ರ ಲೆಕ್ಕಕ್ಕಿದೆ. ಬಸುರಿ ಅಂತ ಹೆಂಗಸಿಗೆ ಗೊತ್ತಾಗುವ ಮುಂಚೆಯೇ ದೋಣಿಗೆ ಗೊತ್ತಾಗುತ್ತದೆ. ಹೊಸ ಸೊಸೆ ಬಂದ ಮನೆಯ ಅತ್ತೆಯಂದಿರಿಗೆ ಇದ್ದಕ್ಕಿದ್ದಂತೆ ಆಚೆ ದಡದ ಅಂಗಡಿಯ ಬೆಲ್ಲವೇ ಬೇಕೆನ್ನಿಸುವುದು ಅದಕ್ಕೇ. ಸೊಸೆ ಬೆಲ್ಲ ತಂದರೆ ಅತ್ತೆಯ ಮುಖ ಸಪ್ಪಗಾಗುತ್ತದೆ. ಬೆಲ್ಲ ಬಾರದೆ ಸೊಸೆ ನಡುನೀರಲ್ಲಿ ನಿಂತುಹೋದರೆ ದಡದಲ್ಲಿ ಪಟಾಕಿ.

ಮದುವೆಯಾಗದ ಹುಡುಗಿಯ ದೋಣಿ ನಿಂತರೆ ಪಟಾಕಿ ಹೊಡೆಯುವುದಿಲ್ಲ. "ಇಲ್ಲ, ನನ್ನ ತಲೆಯೊಳಗೆ ಇಬ್ಬರಿದ್ದಾರೆ, ಅದಕ್ಕೆ ನಿಂತಿತು" ಎಂದರೆ ಯಾರು ಕೇಳುತ್ತಾರೆ? ಅದನ್ನು ಹೇಳುವಷ್ಟು ಬಾಯಾದರೂ ನನಗೆಲ್ಲಿದೆ? ದೋಣಿಗೆ ಒಬ್ಬರಾದ್ದರಿಂದ ನಮ್ಮವರಿಗೆ ಪಕ್ಕದಲ್ಲಿ ಕೂತು ಮಾತಾಡಿ ಅಭ್ಯಾಸವಿಲ್ಲ. ಒಂದು ದೋಣಿಯಿಂದ ಇನ್ನೊಂದಕ್ಕೆ, ಗಾಳಿಗೆ ಎದುರಾಗಿ, ಅಲೆಯ ಸದ್ದನ್ನು ಮೀರಿ ಕೂಗಿ ಕೂಗಿ ಎಲ್ಲರ ಗಂಟಲೂ ಹಾಗೇ ಬೆಳೆದಿದೆ. ಊಟಕ್ಕೆ ಕೂತು ಉಪ್ಪು ಕೇಳುವಾಗಲೂ ನಡುನೀರಿನಿಂದ ಕೇಳಿದಂತೆ ಕೇಳುತ್ತಾರೆ. ನನ್ನ ದನಿ ಎದುರಿನ ತಟ್ಟೆಯವರೆಗೂ ತಲುಪುವುದಿಲ್ಲ. ಹೆಸರು ಬೇರೆ ವಾಗ್ದೇವಿ. "ನಿನಗೆ ಹೆಸರಿಟ್ಟ ದಿನ ದೇವಿ ರಜೆ ಹಾಕಿದ್ದಳಾ ಎಂತ?" ಅಂತ ನನ್ನ ಭುಜಂಗ ದೊಡ್ಡಪ್ಪ ಕೇಳದ ಹಬ್ಬವಿಲ್ಲ.

ಹೈಸ್ಕೂಲಿನಿಂದ ಡಿಗ್ರಿವರೆಗೆ ನಾನು ಗುಡ್ಡದಾಚೆಯ ಪೇಟೆಯ ಹಾಸ್ಟೆಲಿನಲ್ಲಿದ್ದೆ. ದೋಣಿ ಮುಟ್ಟಿ ವರ್ಷಗಳಾಗಿದ್ದವು. ಊರಿಗೆ ಮರಳಿ ಮನೆಯಲ್ಲೇ ಕೂತಿದ್ದಾಗ ಗಾಳಿಮನೆಯ ಕೆಲಸದ ಸುದ್ದಿ ಬಂತು. ಗಾಳಿಮನೆ ಇರುವುದು ಕರಾವಳಿಯ ಬಡಗಣ ತುದಿಯಲ್ಲಿ, ಕಾಲುದಾರಿಯೂ ಇಲ್ಲದ ಒಂದು ಬಂಡೆಯ ಮೇಲೆ. ಗಾಳಿ ಎತ್ತಣಿಂದ ಬೀಸಿತು, ಮಳೆ ಎಷ್ಟು ಬಿತ್ತು ಎಂದು ನೋಡಿ ಬರೆದಿಡುವುದು, ಬಿರುಗಾಳಿಯ ಸುಳಿವು ಕಂಡರೆ ಕಂಬಕ್ಕೆ ಕೆಂಪು ಬಾವುಟ ಏರಿಸುವುದು, ಇಷ್ಟೇ ಕೆಲಸ. ಅಲ್ಲಿ ಒಬ್ಬರೇ ಇರಬೇಕು. ಈಗ ಅಲ್ಲಿದ್ದ ಇಂದುಮತಿ ಮೇಡಂ ಬೇರೆ ಊರಿಗೆ ಹೊರಟಿದ್ದರು. "ಹುಣ್ಣಿಮೆಯ ಮರುದಿನ ಕತ್ತಲಾಗುವ ಮೊದಲು ಒಂಟಿಯಲ್ಲಿ ಒಬ್ಬಳೇ ಬಂದು ತಲುಪಬೇಕು. ಅದೇ ಪರೀಕ್ಷೆ. ತಲುಪದಿದ್ದರೆ ಬೇರೆಯವರಿಗೆ ಕೊಡುತ್ತೇನೆ" ಎಂದು ಹೇಳಿ ಕಳಿಸಿದ್ದರು.

ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮನಿಗೆ ನಾನು ಹೇಳಿದ್ದು, "ಬೇರೆ ಕೆಲಸ ಎಲ್ಲೂ ಸಿಗ್ಲಿಲ್ಲಮ್ಮ, ಎಂತ ಮಾಡುದು" ಎಂದು. ಅಮ್ಮ ನನ್ನ ತಲೆ ಸವರಿ, "ನನ್ನ ಕೂಸಿಗೆ ಇಂಥಾ ಜಾಗವೇ ಗತಿಯಾಯ್ತಲ್ಲ" ಎಂದು ಕಣ್ಣೊರೆಸಿಕೊಂಡಳು.

ದೋಣಿ ಕೊಟ್ಟದ್ದು ಮುಕುಂದಣ್ಣ. ಒಂಟಿಗಳಿಗೆ ಅರಗು ಬಳಿದು ರಿಪೇರಿ ಮಾಡುವವನು. ಕಲಿಸುವವರು ಜೊತೆಗೆ ಕೂರುವಂತಿಲ್ಲವಾದ್ದರಿಂದ ಸೊಂಟದಷ್ಟು ನೀರಲ್ಲಿ ನಿಂತೇ ಕಲಿಸಬೇಕು. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಅವನು ಹಾಗೆ ನಿಂತು ನನಗೆ ಹುಟ್ಟು ಹಿಡಿಯುವುದನ್ನು ಕಲಿಸಿದ. ದೋಣಿ ಅಲ್ಲೇ ನಿಂತುಬಿಟ್ಟರೆ ಎಂಬ ಹೆದರಿಕೆಗೆ ನಾನು ದೋಣಿಯಲ್ಲಿ ಅಲ್ಲ, ದಡದಿಂದ ನೀರಿಗೆ ಚಾಚಿದ್ದ ಒಂದು ಮರದ ದಿಮ್ಮಿಯ ಮೇಲೆ ಕೂತು ಕಲಿತೆ. "ನೀರನ್ನು ಕಡಿಯುದಲ್ಲ, ತಳ್ಳುದು. ಮಲಗಿದ ಮಗು ಏಳದ ಹಾಗೆ ಬಾಗಿಲು ತಳ್ತಾರಲ್ಲ, ಹಾಗೆ" ಅನ್ನುತ್ತಿದ್ದ. ನಡುನಡುವೆ ಉಪ್ಪಿನಗದ್ದೆಯ ರತ್ನಮಾಲಾಳ ಸುದ್ದಿ. ಅವಳಿಗಾಗಿ ಒಂದು ಒಂಟಿ ಕಟ್ಟುತ್ತಿದ್ದ. ಅವಳ ಅಪ್ಪ ಇನ್ನೂ ಹೂಂ ಅಂದಿರಲಿಲ್ಲವಂತೆ. ನಾನು ತಿರುಗಿ ಮಾತಾಡದ ಕಾರಣ ಅವನಿಗೆ ನನ್ನ ಹತ್ತಿರ ಹೇಳುವುದು ಸುಲಭವಾಗಿತ್ತೋ ಏನೋ.

ಹೊರಡುವ ಬೆಳಿಗ್ಗೆ ದಡದಲ್ಲಿ ಸಂತೆಯಷ್ಟು ಜನ.

"ಏ ವಾಗ್ದೇವೀ! ಬಲಗೈ ಗಟ್ಟಿ ಹಿಡಿ! ಅಷ್ಟು ಮೆತ್ತಗೆ ಹಿಡಿದ್ರೆ ಹುಟ್ಟು ಮೀನಿಗೆ ದಾನ ಕೊಟ್ಟ ಹಾಗೆ!" ದೊಡ್ಡಪ್ಪ ನನ್ನ ಪಕ್ಕದಲ್ಲೇ ನಿಂತು ಆಚೆ ಗುಡ್ಡಕ್ಕೆ ಕೇಳುವಂತೆ ಹೇಳಿದರು.

"ಅದು ದಡದಲ್ಲೇ ಮಾತಾಡುದಿಲ್ಲ, ನಡುನೀರಲ್ಲಿ ಎಂತಾದ್ರೂ ಆದ್ರೆ ಕರೆಯುದು ಹೇಗೆ?" ಯಾರೋ ಹೆಂಗಸು.

"ಡೈರಿಯಲ್ಲಿ ಬರೆದು ಗಾಳಿಗೆ ಬಿಡ್ತದೆ!" ಇನ್ಯಾರೋ. ಎಲ್ಲರೂ ನಕ್ಕರು. ಅಮ್ಮ ಮಾತ್ರ ಅವಲಕ್ಕಿಯ ಡಬ್ಬಿಯನ್ನು ನನ್ನ ಕಾಲ ಬಳಿ ತುರುಕುತ್ತ, "ಒಬ್ಬಳೇ ಇದ್ದೇನಂತ ಹೆದರಬೇಡ ಮಗಾ" ಎಂದಳು.

ಮುಕುಂದಣ್ಣ ದೋಣಿಯನ್ನು ನೀರಿಗೆ ತಳ್ಳಿದ. ನಾನು ಉಸಿರು ಹಿಡಿದೆ. ಒಳಗಿದ್ದ ಇಬ್ಬರಿಗೂ, ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಬೇಡಿಕೊಂಡೆ. ಬಾಗಿಲು ತಳ್ಳುವಂತೆ ನೀರನ್ನು ತಳ್ಳಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಮರಳು ಹಿಂದೆ ಸರಿಯಿತು. ಒಂದು ಏಡಿ ಹಿಂದೆ ಸರಿಯಿತು. ದೊಡ್ಡಪ್ಪನ ದನಿ ಕೂಡ ಹಿಂದೆ ಸರಿಯಿತು! ಕಣ್ಣಲ್ಲಿ ನೀರು ಬಂದುಬಿಟ್ಟಿತು. ನಾನು ಒಬ್ಬಳೇ. ಸಮುದ್ರವೇ ಒಪ್ಪಿದೆ, ಇನ್ನು ಯಾರು ಏನು ಹೇಳಿದರೇನು?

ದಡವನ್ನು ಬಲಕ್ಕಿಟ್ಟುಕೊಂಡು ಬಡಗಣಕ್ಕೆ ಹೊರಟೆ. ಮೊದಲು ಮಂಜುಗಡ್ಡೆ ಕಾರ್ಖಾನೆಯ ಹೊಗೆಕೊಳವೆ, ಆಮೇಲೆ ಉಪ್ಪಿನಗದ್ದೆಗಳ ಬಿಳಿ ಗೆರೆಗಳು, ಆಮೇಲೆ ಗೇರುಗುಡ್ಡ. ಊರಿನೊಳಗಿಂದ ನೋಡುವಾಗ ದೊಡ್ಡ ದೊಡ್ಡದಾಗಿ ಕಾಣುತ್ತಿದ್ದ ಮನೆಗಳೆಲ್ಲ ನೀರಿನಿಂದ ನೋಡಿದರೆ ಯಾರೋ ಒಣಹಾಕಿ ಮರೆತ ಬಟ್ಟೆಗಳ ಹಾಗೆ ಕಂಡವು. ನನ್ನ ಹುಟ್ಟಿನ ಎರಡೂ ತುದಿಗಳು ಸರದಿಯಂತೆ ನೀರಿಗಿಳಿದು ಏಳುತ್ತಿದ್ದವು. ತುದಿಯಿಂದ ಹನಿಗಳು ತೊಡೆಯ ಮೇಲೆ ಬಿದ್ದು ಲಂಗವೆಲ್ಲ ಒದ್ದೆಯಾಗಿತ್ತು. ಅಂಗೈ ಉರಿಯುತ್ತಿತ್ತು, ಆದರೆ ನಿಲ್ಲಿಸಬೇಕೆನ್ನಿಸಲಿಲ್ಲ. ಎದುರಿನಿಂದ ಬಂದ ದೋಣಿಯವರು, "ಯಾರ ಮಗಳು? ಎಲ್ಲಿಗೆ?" ಎಂದು ಕೂಗುತ್ತಿದ್ದರು. ನಾನು ಹುಟ್ಟನ್ನು ಮೇಲೆತ್ತಿ ತೋರಿಸುತ್ತಿದ್ದೆ. ಅದನ್ನೇ ಉತ್ತರವೆಂದುಕೊಂಡು ಅವರು ಹೋಗುತ್ತಿದ್ದರು. ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ಮಾತುಕತೆ ಮುಗಿಯಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಗೇರುಗುಡ್ಡ ದಾಟಿದರೆ ಕೊಲ್ಲಿ ಒಳಕ್ಕೆ ಬಾಗುತ್ತದೆ. ಅಲ್ಲಿ ನೀರಿನ ನಡುವೆ ಒಂದು ಮರಳುದಿಬ್ಬ, ಇಳಿತದ ಹೊತ್ತಿಗೆ ಬೆನ್ನು ಕಾಣುತ್ತದೆ. ಅದರ ಮರೆಗೆ ಬಂದ ತಕ್ಷಣ ಗಾಳಿ ನಿಂತಿತು. ಅಲೆ ನಿಂತಿತು. ಕೆಳಗೆ ಮರಳು ಎಷ್ಟು ಹತ್ತಿರ ಕಾಣುತ್ತಿತ್ತೆಂದರೆ ನನ್ನ ದೋಣಿಯ ನೆರಳಿನೊಳಗೆ ಸಣ್ಣ ಮೀನುಗಳು ಬಿಸಿಲಿಗೆ ಹೆದರಿ ಗುಂಪುಗೂಡಿ ನಿಂತದ್ದೂ ಕಾಣುತ್ತಿತ್ತು. ಗಾಳಿಮನೆಯ ಕಂಬ ದೂರದಲ್ಲಿ ಕಡ್ಡಿಯಂತೆ ಕಂಡಿತು. ಹೊತ್ತು ಬೇಕಾದಷ್ಟಿತ್ತು.

ನಾನು ಹುಟ್ಟನ್ನು ಮರಳಿಗೆ ಊರಿ, ದೋಣಿ ಜರುಗದ ಹಾಗೆ ಅದನ್ನು ತಬ್ಬಿ ಹಿಡಿದು ಕೂತೆ.

ಏನೂ ಮಾಡಲಿಲ್ಲ. ಅವಲಕ್ಕಿ ತಿಂದೆ, ಅಷ್ಟೇ. ಒಳಗಿನವರು ಕೂಡ ಏನೂ ಕೇಳಲಿಲ್ಲ. ನೀರು ದೋಣಿಯ ಪಕ್ಕೆಗೆ ತಾಗಿ ಆಗೊಮ್ಮೆ ಈಗೊಮ್ಮೆ ಚಪ್ಪರಿಸುತ್ತಿತ್ತು. ಹುಟ್ಟಿದಾಗಿನಿಂದ ಯಾವುದೋ ಬಿಗಿಯಾದ ರವಿಕೆ ತೊಟ್ಟಿದ್ದು, ಅದರ ಗುಂಡಿಯನ್ನು ಈಗಷ್ಟೇ ಬಿಚ್ಚಿದ ಹಾಗೆ. ಎಷ್ಟು ಹೊತ್ತು ಹಾಗೆ ಕೂತೆನೋ ಗೊತ್ತಿಲ್ಲ.

ನಮ್ಮ ಸಮುದ್ರದಲ್ಲಿ ಯಾರೂ ದೋಣಿಯನ್ನು ಸುಮ್ಮನೆ ನಿಲ್ಲಿಸುವುದಿಲ್ಲ ಎಂಬುದು ನನಗೆ ಹೊಳೆದದ್ದು, "ನಿಂತಿದೆ! ದೋಣಿ ನಿಂತಿದೆ!" ಎಂಬ ಕೂಗು ಕೇಳಿದ ಮೇಲೆ.

ದಿಬ್ಬದ ಆಚೆ ಬದಿಯಲ್ಲಿ ಚಿಪ್ಪಿ ಹೆಕ್ಕುತ್ತಿದ್ದ ಹೆಂಗಸರು. ಅವರ ಕಣ್ಣಿಗೆ ಕಂಡದ್ದೇನೆಂದರೆ, ನಡುನೀರಲ್ಲಿ ಅಲುಗದ ಒಂದು ಒಂಟಿ, ಅದರಲ್ಲಿ ಹುಟ್ಟನ್ನು ಮರಳಿಗೆ ಊರಿ ತಳ್ಳಲು ಹೆಣಗುತ್ತಿರುವ ಒಂದು ಹುಡುಗಿ. ಅವರೆಲ್ಲ ಬುಟ್ಟಿ ಬಿಟ್ಟು ತಮ್ಮ ತಮ್ಮ ದೋಣಿ ಹತ್ತಿ ನನ್ನ ಸುತ್ತ ಬಂದರು. ಎಲ್ಲರಿಗಿಂತ ಮುಂದಿದ್ದವಳು ಅಂಬಕ್ಕ. ಹೆಸರು ಆಮೇಲೆ ಗೊತ್ತಾದದ್ದು, ತೋಳು ಮಾತ್ರ ಆಗಲೇ ಕಂಡಿತು, ನನ್ನ ತೊಡೆಯಷ್ಟಿತ್ತು.

"ಹುಟ್ಟು ಬಿಡು! ಬಲ ಹಾಕಬೇಡ! ಮಗುವಿಗೆ ಆಗುದಿಲ್ಲ!"

"ಅಲ್ಲ, ನಾನು..." ಎಂದೆ.

"ಎಷ್ಟು ತಿಂಗಳು?"

"ಕುತ್ತಿಗೆಯಲ್ಲಿ ಎಂತದೂ ಕಾಣುದಿಲ್ಲ ಅಕ್ಕಾ" ಎಂದು ಒಬ್ಬಳು ಇನ್ನೊಂದು ದೋಣಿಯಿಂದ ಕೂಗಿದಳು. ಎಲ್ಲರ ಕಣ್ಣೂ ತಾಳಿಯಿಲ್ಲದ ನನ್ನ ಕುತ್ತಿಗೆಗೆ ಬಂತು. ಮತ್ತೆ ಅಂಬಕ್ಕನೇ, "ಅದೆಲ್ಲ ಆಮೇಲೆ. ಇಳಿಸಿ ಮೊದಲು" ಎಂದು ನೀರಿಗೆ ಹಾರಿದಳು.

ಎದೆಮಟ್ಟದ ನೀರು. ಅವಳು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಕೆಳಗಿಳಿಸಿದಳು. ಇಬ್ಬರು ಎರಡು ಕಡೆ ಹಿಡಿದು ದಡದವರೆಗೂ ನೀರಲ್ಲೇ ನಡೆಸಿದರು. ನನ್ನ ಹೆಗಲಲ್ಲಿದ್ದ ಚೀಲ, ಅದರಲ್ಲಿದ್ದ ಡೈರಿ ಎಲ್ಲ ನೀರಲ್ಲಿ ಅದ್ದಿಹೋಯಿತು. ಹಿಂದೆ ಒಬ್ಬಳು ನನ್ನ ದೋಣಿಗೆ ಹಗ್ಗ ಹಾಕಿ ಎಳೆಯುತ್ತ, "ನೋಡಿ, ಅವಳು ಇಳಿದ ಕೂಡ್ಲೇ ಹೇಗೆ ಓಡ್ತಾ ಉಂಟು!" ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಅಷ್ಟರಲ್ಲಿ ಸುದ್ದಿ ದೋಣಿಯಿಂದ ದೋಣಿಗೆ ಕೂಗಿಕೊಂಡು ತೆಂಕಣಕ್ಕೆ ಹೊರಟೇಬಿಟ್ಟಿತ್ತು. ನೀಲಿ ಪಟ್ಟೆಯ ಒಂಟಿ, ಮುಕುಂದನ ಕೈಯದ್ದು, ಹುಡುಗಿ ಮಾತಾಡುದಿಲ್ಲ. ಇಷ್ಟು ಗುರುತು ಸಾಕಾಯಿತು.

ಅಂಬಕ್ಕನ ಮನೆ ದಡದಲ್ಲೇ ಇತ್ತು. ಚಿಪ್ಪಿಯ ಸುಣ್ಣ ಬಳಿದ ಗೋಡೆ, ತಂಪಾದ ನೆಲ. ಒಣಗಿದ ಸೀರೆ ಉಡಿಸಿದಳು. ಚಾಪೆ ಹಾಸಿದಳು. ಆಗ ನಾನು ಯಾವತ್ತೂ ಕಂಡಿರದ ಒಂದು ಸಂಗತಿ ನಡೆಯಿತು. ಎಲ್ಲರೂ ದನಿ ತಗ್ಗಿಸಿದರು.

ನಮ್ಮಲ್ಲಿ ಬಸುರಿಯ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡಬಾರದು. ಹೊರಗೆ ಇಷ್ಟು ಗದ್ದಲವಿದೆ ಎಂದು ಮಗುವಿಗೆ ಮೊದಲೇ ಗೊತ್ತಾದರೆ ಅದು ಬರಲು ಒಪ್ಪುವುದಿಲ್ಲವಂತೆ. ಇದನ್ನು ಕೇಳಿದ್ದೆ, ಆದರೆ ನನ್ನ ಸುತ್ತ ಯಾರೂ ಹಾಗೆ ಮಾತಾಡಿರಲಿಲ್ಲ. ಹೆಂಗಸರು ಬಾಗಿಲಾಚೆ ಪಿಸುಗುಟ್ಟಿದರು. ಪಾತ್ರೆಗಳನ್ನು ಸದ್ದಾಗದಂತೆ ಬಟ್ಟೆಯ ಮೇಲಿಟ್ಟರು. ಅಂಬಕ್ಕ ಎಳನೀರು ತಂದು, ಅಷ್ಟು ದೊಡ್ಡ ಗಂಟಲನ್ನು ಎಲ್ಲಿ ಮಡಚಿಟ್ಟಳೋ, "ಕುಡಿ ಕೂಸೇ. ಯಾರು, ಎಂತದು ಅಂತ ನಾವು ಕೇಳುದಿಲ್ಲ. ನಿನಗೆ ಮನಸ್ಸು ಬಂದಾಗ ಹೇಳು" ಎಂದು ನನ್ನ ಕಾಲಿಗೆ ಹೊದಿಕೆ ಎಳೆದು ಹೊರಗೆ ಹೋದಳು.

ನಾನು ಆಗಲೇ ಹೇಳಬೇಕಿತ್ತು. ಬಾಗಿಲು ತೆರೆದೇ ಇತ್ತು, ಅವಳು ಹೊಸ್ತಿಲಲ್ಲೇ ಕೂತಿದ್ದಳು, ಮನೆಯಲ್ಲಿ ನನ್ನ ದನಿ ಕೇಳುವಷ್ಟು ಮೌನವಿತ್ತು. ಹೇಳಲಿಲ್ಲ. ಮಲಗಿ ಮಾಡಿನ ಬಿದಿರುಗಳನ್ನು ನೋಡುತ್ತಿದ್ದೆ. ಯಾರೂ ನನ್ನನ್ನು ಮಾತಾಡು ಮಾತಾಡು ಎನ್ನುತ್ತಿರಲಿಲ್ಲ. ಸುಮ್ಮನಿದ್ದದ್ದಕ್ಕೆ ಬೈಗುಳವಿಲ್ಲ, ತಮಾಷೆಯಿಲ್ಲ, ಮೇಲಿಂದ ಎಳನೀರು. ಇನ್ನು ಸ್ವಲ್ಪ ಹೊತ್ತು, ಎಂದುಕೊಂಡೆ. ಈ ಎಳನೀರು ಮುಗಿಯಲಿ. ಆ ಬಿಸಿಲು ಹೊಸ್ತಿಲಿನಿಂದ ಚಾಪೆಗೆ ಬರಲಿ. ಬಸುರಿಯನ್ನು ಮತ್ತೆ ಯಾವ ದೋಣಿಗೂ ಹತ್ತಿಸುವುದಿಲ್ಲ, ಕತ್ತಲಾದರೆ ಗಾಳಿಮನೆ ಕೈತಪ್ಪುತ್ತದೆ ಎಂದು ಗೊತ್ತಿತ್ತು. ಆದರೂ ಆ ಮೆತ್ತನೆಯ ಮೌನದಿಂದ ಏಳಲು ಆಗಲಿಲ್ಲ.

ಬಿಸಿಲು ಚಾಪೆಗೆ ಬರುವ ಹೊತ್ತಿಗೆ ಅಮ್ಮ, ದೊಡ್ಡಪ್ಪ ಗುಡ್ಡದ ಜೀಪಿನಲ್ಲಿ ಬಂದು ಇಳಿದರು. ದೊಡ್ಡಪ್ಪನ ದನಿ ಅಂಗಳದಿಂದಲೇ ಶುರುವಾಯಿತು. "ಎಲ್ಲಿದ್ದಾಳೆ ಅವಳು? ನಮ್ಮ ಮನೆಯ ಮರ್ಯಾದೆ..."

"ಶ್!" ಎಂದಳು ಅಂಬಕ್ಕ. "ಒಳಗೆ ಬಸುರಿ ಉಂಟು."

ದೊಡ್ಡಪ್ಪನ ಬಾಯಿ ಹಾಗೇ ಮುಚ್ಚಿತು. ಒಳಗೆ ಬಂದು ನನ್ನ ಎದುರು ಕೂತು, ಕುತ್ತಿಗೆಯ ನರಗಳೆಲ್ಲ ಉಬ್ಬಿ, ಪಿಸುಗುಟ್ಟಿದರು. "ಯಾರವನು?" ಅಷ್ಟು ಸಿಟ್ಟನ್ನು ಅಷ್ಟು ಸಣ್ಣ ದನಿಯಲ್ಲಿ ಹಿಡಿದಿಡುವುದು ಅವರಿಗೆ ಎಂದೂ ಬಂದಿರದ ಕಷ್ಟ. ಬೆವರುತ್ತಿದ್ದರು.

ಅಮ್ಮ ನನ್ನ ಪಕ್ಕ ಕೂತು ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಅಂಗೈಯ ಬೊಬ್ಬೆಗಳ ಮೇಲೆ ಊದಿದಳು. "ಬೈಯುದಿಲ್ಲ ಮಗಾ. ಯಾರು ಅಂತ ಹೇಳು, ಸಾಕು. ಹೊಟ್ಟೆಯಲ್ಲಿ ಇಟ್ಟುಕೊಂಡು ಒಬ್ಬಳೇ ಎಷ್ಟು ದಿನ ಒದ್ದಾಡಿದ್ಯೋ."

ನಾನು ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅದನ್ನು ಕಂಡು ಅಮ್ಮ ಅತ್ತಳು.

ಆಗ ಬಾಗಿಲಲ್ಲಿ ಮುಕುಂದಣ್ಣ ಕಾಣಿಸಿದ. ತನ್ನ ಒಂಟಿಯಲ್ಲಿ ಒಂದೇ ಉಸಿರಿಗೆ ಬಂದಿದ್ದ. ಕೈಯಲ್ಲಿ ಇನ್ನೂ ಅರಗಿನ ಕಪ್ಪು. ದೊಡ್ಡಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ದೋಣಿ ಇವನದ್ದು. ಕಲಿಸಿದ್ದು ಇವನು" ಎಂದು ಪಿಸುಗುಟ್ಟಿ, ನನ್ನ ಕಡೆ ತಿರುಗಿ, "ಅಣ್ಣ ಅಣ್ಣ ಅಂತ ಕರೆದದ್ದು ಇದಕ್ಕಾ?" ಎಂದರು.

"ಅವನು ನೀರಲ್ಲಿ ನಿಂತಿದ್ದ, ಇವಳು ದಿಮ್ಮಿಯ ಮೇಲೆ ಕೂತಿದ್ದಳು ಭಾವ, ನಾನೇ ನೋಡಿದ್ದೇನೆ" ಅಮ್ಮ ಮೆಲ್ಲಗೆ ಹೇಳಿದಳು.

"ನೀನು ಎಲ್ಲ ಹೊತ್ತೂ ನೋಡ್ತಾ ಇದ್ಯಾ?"

ಮುಕುಂದಣ್ಣ ನನ್ನನ್ನು ನೋಡಿದ, ಅಳುತ್ತಿದ್ದ ಅಮ್ಮನನ್ನು ನೋಡಿದ. ಯಾವುದೋ ಹುಡುಗ ನನ್ನನ್ನು ಹೀಗೆ ಮಾಡಿ ಓಡಿದ್ದಾನೆ, ಅವನ ಹೆಸರು ಹೇಳಲಾರದೆ ನಾನು ಮುದುಡಿದ್ದೇನೆ ಎಂದು ಅವನು ತಿಳಿದದ್ದು ಅವನ ಮುಖದಲ್ಲೇ ಕಂಡಿತು.

"ಹೌದು. ನಾನೇ" ಎಂದ. "ಅವರನ್ನು ಎಂತದೂ ಕೇಳ್ಬೇಡಿ. ನಾನು ಮದುವೆ ಆಗ್ತೇನೆ."

ಅಂಬಕ್ಕ ಕಣ್ಣು ಮುಚ್ಚಿ ಯಾವುದೋ ದೇವರಿಗೆ ಕೈ ಮುಗಿದಳು. ದೊಡ್ಡಪ್ಪ, ಎದೆಯಿಂದ ಹೊರೆ ಇಳಿಸಿದವರಂತೆ, ಗೋಡೆಗೆ ಒರಗಿ, "ಬರುವ ವಾರವೇ ಆಗ್ಬೇಕು. ದಿಬ್ಬಣ ಗುಡ್ಡದ ಮೇಲಿಂದಲೇ. ಇವಳು ದೋಣಿ ಹತ್ತುವ ಹಾಗಿಲ್ಲವಲ್ಲ" ಎಂದು ಲೆಕ್ಕ ಹಾಕತೊಡಗಿದರು. ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಅವನನ್ನು, "ಬಾ ಮಗಾ, ಕೂತುಕೋ" ಎಂದು ಕರೆದಳು. ಎಲ್ಲರ ಮುಖದಲ್ಲೂ ಎಂಥ ನಿರಾಳ! ನಾನು ಬಾಯಿ ಬಿಡದೆಯೇ ನನ್ನ ಕತೆ ನನ್ನ ಸುತ್ತ ಮುಗಿದುಹೋಗುತ್ತಿತ್ತು.

ಮುಕುಂದಣ್ಣ ಬಗ್ಗಿ ನನ್ನ ಬಳಿಯಿದ್ದ ಎಳನೀರಿನ ಬೊಂಡ ಎತ್ತಿಕೊಳ್ಳುವವನಂತೆ ಮಾಡಿ, ನನಗಷ್ಟೇ ಕೇಳುವಂತೆ ಹೇಳಿದ. "ಹೆದರಬೇಡಿ. ರತ್ನಮಾಲಾಳಿಗೆ ನಾನು ಹೇಗಾದ್ರೂ ಹೇಳಿಕೊಳ್ತೇನೆ."

ಹೇಳಿ, ಖಾಲಿ ಬೊಂಡವನ್ನೇ ಕುಡಿಯಲು ಬಾಯಿಗೆ ಎತ್ತಿದ.

ಉಪ್ಪಿನಗದ್ದೆಯ ಬಳಿ ಬೆಳಿಗ್ಗೆ ಹಾದುಬಂದಾಗ ಅಲ್ಲಿ ಒಂದು ಹುಡುಗಿ ಹಲಗೆಯಿಂದ ಉಪ್ಪು ಎಳೆಯುತ್ತ ನಿಂತಿದ್ದಳು. ಅವಳೇ ಇರಬಹುದು, ಇಲ್ಲದಿರಬಹುದು. ನನ್ನ ನೀಲಿ ಪಟ್ಟೆಯ ದೋಣಿ ಕಂಡು ಅವಳು ಕೈ ಬೀಸಿದ್ದಳು. ನಾನು ಎದ್ದು ಕೂತೆ.

"ಮುಕುಂದಣ್ಣ ಅಲ್ಲ" ಎಂದೆ.

"ಎಂತ?" ದೊಡ್ಡಪ್ಪ ಕಿವಿಗೆ ಕೈಯಿಟ್ಟರು.

"ಯಾರೂ ಅಲ್ಲ. ನಾನು ಬಸುರಿ ಅಲ್ಲ. ದೋಣಿ ತಾನಾಗಿ ನಿಂತದ್ದಲ್ಲ. ನಾನೇ ನಿಲ್ಲಿಸಿದ್ದು."

ನನ್ನ ಮಾತು ಎಲ್ಲರಿಗೂ ಕೇಳಿತು. ಆದರೆ ಯಾರ ಮುಖವೂ ಬದಲಾಗಲಿಲ್ಲ. ಅಂಬಕ್ಕ ಬಂದು ನನ್ನ ಬೆನ್ನು ಸವರಿದಳು. "ಎಲ್ಲರೂ ಹೀಗೇ ಹೇಳುದು ಕೂಸೇ. ನೀರು ಕಡಿಮೆ ಇತ್ತು, ಹುಟ್ಟು ಸಿಕ್ಕಿಕೊಂಡಿತು, ನಾನೇ ನಿಲ್ಲಿಸಿದೆ. ನನ್ನ ದೊಡ್ಡ ಮಗನ ಹೊತ್ತಿಗೆ ನಾನು ಕೂಡ ಹೇಳಿದ್ದೇನೆ."

"ಬೇಕಾದ್ರೆ ಈಗ ದೋಣಿ ಹತ್ತಿ ತೋರಿಸ್ತೇನೆ."

"ಅಯ್ಯೋ, ಬೇಡ!" ಅಮ್ಮ ನನ್ನ ಕೈ ಗಟ್ಟಿ ಹಿಡಿದಳು. "ನಿಂತ ದೋಣಿಗೆ ಮತ್ತೆ ಹತ್ತಿ, ಅದು ಹೊರಟುಬಿಟ್ಟರೆ ಅದರ ಅರ್ಥ ಎಂತ ಅಂತ ಗೊತ್ತುಂಟಾ ನಿನಗೆ? ಆ ಮಾತು ಆಡಬೇಡ."

ಗೊತ್ತಿತ್ತು. ಮಗು ಉಳಿಯಲಿಲ್ಲ ಎಂದು ಅರ್ಥ. ದೋಣಿ ನನ್ನ ಪರವಾಗಿ ಇನ್ನೇನನ್ನೂ ಹೇಳಲಾರದು.

"ಸರಿ, ನಿಲ್ಲಿಸಿದಿ ಅಂತಲೇ ಇಟ್ಟುಕೊಳ್ಳುವ" ದೊಡ್ಡಪ್ಪ ಪಿಸುಗುಟ್ಟಿದರು. "ನಿಲ್ಲಿಸಿ ಎಂತ ಮಾಡಿದಿ? ಮೀನು ಹಿಡಿದ್ಯಾ?"

"ಇಲ್ಲ."

"ತಲೆ ತಿರುಗಿತಾ? ಹೊಟ್ಟೆ ನೋವಾ?"

"ಇಲ್ಲ."

"ಯಾರನ್ನಾದ್ರೂ ಕಾಯ್ತಾ ಇದ್ಯಾ?"

"ಇಲ್ಲ ದೊಡ್ಡಪ್ಪ."

"ಮತ್ತೆ ನಡುನೀರಲ್ಲಿ ಮನುಷ್ಯರಾದವರು ಯಾರಾದ್ರೂ ಸುಮ್ಮನೆ ನಿಲ್ಲಿಸ್ತಾರಾ?" ಅವರು ಅಂಬಕ್ಕನನ್ನು ನೋಡಿದರು. ಅಂಬಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವಳು ಹುಟ್ಟಿದಾಗಿನಿಂದ ಅಂಥದ್ದನ್ನು ಕಂಡಿರಲಿಲ್ಲ.

ಮುಕುಂದಣ್ಣ ಮಾತ್ರ ನನ್ನನ್ನೇ ನೋಡುತ್ತಿದ್ದ. ನನ್ನ ಮಾತು ನಿಜವಿರಬಹುದೇ ಎಂಬ ಆಸೆ ಅವನ ಕಣ್ಣಲ್ಲಿ ಏಳುತ್ತ, ಮುಳುಗುತ್ತ ಇತ್ತು. ಹೊರಗೆ ಬಿಸಿಲು ಇನ್ನೂ ಇತ್ತು. ನೀರಿನ ಮೇಲೆ ಹಳದಿಯಾಗಿ ಬಿದ್ದಿತ್ತು. ಈಗ ಹೊರಟರೂ ಕತ್ತಲಾಗುವ ಮೊದಲು ಗಾಳಿಮನೆ ಮುಟ್ಟಬಹುದಿತ್ತು.

ಉಳಿದದ್ದು ಕಾರಣ ಹೇಳುವುದೊಂದೇ. ಕಾರಣ ನನಗೆ ಗೊತ್ತಿತ್ತು. ಅದನ್ನು ಹೇಳಿದರೆ ಅಮ್ಮನಿಗೆ ಏನನ್ನಿಸುತ್ತದೆ ಎಂಬುದೂ ಗೊತ್ತಿತ್ತು. ಗತಿಯಿಲ್ಲದೆ ಮಗಳು ಆ ಬಂಡೆಗೆ ಹೊರಟಿದ್ದಾಳೆ ಎಂದು ಅವಳು ಎಷ್ಟೊಂದು ರಾತ್ರಿ ನಿದ್ದೆಗೆಟ್ಟಿದ್ದಳು! ಮಾತು ಬಾರದ ಕೂಸು ಒಬ್ಬಳೇ ಆಗಿಬಿಡುತ್ತದೆಂದು ನನ್ನ ಹಾಸಿಗೆಯ ಪಕ್ಕದಲ್ಲೇ ತನ್ನ ಹಾಸಿಗೆ ಹಾಸಿದವಳು ಅವಳು. ಒಳಗಿನ ಇಬ್ಬರನ್ನು ಕೇಳಿದೆ. ಒಬ್ಬಳು, ಬೇಡ ಅಂದಳು. ಇನ್ನೊಬ್ಬಳೂ, ಬೇಡ ಅಂದಳು. ಮೊದಲ ಸಲ ಅವರಿಬ್ಬರೂ ಒಂದೇ ಮಾತು ಹೇಳಿದ್ದರು, ಆದರೂ ನಾನು ಕೇಳಲಿಲ್ಲ.

ಅಮ್ಮನ ಮುಖ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ಹೇಳು ಮಗಾ" ಎಂದಳು. "ಯಾಕೆ ನಿಲ್ಲಿಸಿದಿ?"

"ನನಗೆ ಒಬ್ಬಳೇ ಇರುದು ಇಷ್ಟ ಅಮ್ಮ" ಎಂದೆ. ಹೊರಗೆ ಅಂಗಳದಲ್ಲಿದ್ದ ಹೆಂಗಸರು ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ನನ್ನ ದನಿ. "ಬೇರೆ ಕೆಲಸ ಸಿಗ್ಲಿಲ್ಲ ಅಂತ ಅಲ್ಲ, ನನಗೆ ಅದೇ ಬೇಕಿತ್ತು. ಅಲ್ಲಿ ದಿಬ್ಬದ ಹತ್ತಿರ ಯಾರೂ ಇರ್ಲಿಲ್ಲ. ನನಗೆ ಎಷ್ಟು ಸುಖ ಆಯ್ತು ಅಂದ್ರೆ, ಅದಕ್ಕೇ ನಿಲ್ಲಿಸಿದೆ."